ಮೊದಲು ದಾರ, ಆಮೇಲೆ ಸುತ್ತಿಗೆ

ಬಾಗಿದ ಕಬ್ಬಿಣ ಕಣ್ಣಿಗೆ ಬಿದ್ದ ಕೂಡಲೇ ‘ತಾರೋ ಗ್ಯಾಸು’ ಎಂದು ಕೂಗುವವರ ಮೇಲೆ ನನಗೆ ಬಹಳ ಸಿಟ್ಟಿದೆ. ಹುಟ್ಟಿನಿಂದ ಬಂದ ಸಿಟ್ಟಲ್ಲ ಇದು. ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಪಾಠ ಹೇಳಿಕೊಂಡು ಬಂದವಳು ನಾನು. ಕಾರಿನ ಅಡಿಯಲ್ಲಿ ಏನೇನಿರುತ್ತದೆ ಎಂಬುದನ್ನು ಐವತ್ತು ವರ್ಷ ತಿಳಿಯದೆಯೇ ಸುಖವಾಗಿದ್ದೆ. ತಿಳಿಯುವಂತೆ ಮಾಡಿದ್ದು ನಮ್ಮ ಮನೆಯ ಹಳೆಯ ಕಾರು ಮತ್ತು ಹೆದ್ದಾರಿಯ ಪಕ್ಕದ ಒಂದು ವರ್ಕ್‌ಶಾಪು. ಆ ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ಹೆಸರು ಬರೆದರೆ ಅದೊಂದೇ ಹಾಗೆ ಎಂದಾಗುತ್ತದೆ, ಅದೊಂದೇ ಹಾಗಿಲ್ಲ.

ಕಾರು ಮಾರಿಸ್ ಎಯ್ಟ್. ಇಂಗ್ಲೆಂಡಿನ ಮಾರಿಸ್ ಕಂಪನಿ 1935ರಿಂದ 1948ರವರೆಗೆ ಮಾಡಿದ ಪುಟ್ಟ ಕಾರು. ನಮ್ಮ ಯಜಮಾನರ ತಾತ 1951ರಲ್ಲಿ ಕೆಜಿಎಫ್‌ನಿಂದ ಊರಿಗೆ ಹೊರಟಿದ್ದ ಒಬ್ಬ ದೊರೆಯ ಹತ್ತಿರ ಕೊಂಡದ್ದು. ಆಗೆಲ್ಲ ನಮ್ಮ ಕಡೆ ಓಡುತ್ತಿದ್ದ ಕಾರುಗಳು ಹೀಗೆ ಹಡಗಿನಲ್ಲಿ ಬಂದವೇ. ಬೆಂಗಳೂರಿನಲ್ಲೇ ಕಾರ್ಖಾನೆ ಮಾಡಬೇಕೆಂದು 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಎಷ್ಟೋ ಓಡಾಡಿದರು (ಅವರ ಮುದ್ದೇನಹಳ್ಳಿ 2007ರ ತನಕ ನಮ್ಮ ಕೋಲಾರ ಜಿಲ್ಲೆಯದ್ದೇ, ಹೇಳದೆ ಇರಲಾರೆ). ಬ್ರಿಟಿಷ್ ಸರ್ಕಾರ ಅದಕ್ಕೆ ಆಸ್ಪದ ಕೊಡಲಿಲ್ಲ. ಇರಲಿ. ತಾತ ಆ ಕಾರಿನಲ್ಲಿ ಮುಳಬಾಗಿಲಿನ ಆಂಜನೇಯನ ಗುಡಿಗೂ ಕೋಲಾರದ ಕೋರ್ಟಿಗೂ ಸಮಾನ ಭಕ್ತಿಯಿಂದ ಹೋಗಿ ಬರುತ್ತಿದ್ದರಂತೆ. ಅವರ ನಂತರ ಮಾವನವರು ಒಂದಷ್ಟು ಕಾಲ ಓಡಿಸಿದರು. 1986ರಲ್ಲಿ ದೇವರಾಯಸಮುದ್ರದ ಮನೆಯ ಹಿತ್ತಲ ಕೊಟ್ಟಿಗೆಗೆ ಸೇರಿದ ಕಾರು ಆಮೇಲೆ ಹೊರಗೆ ಬರಲಿಲ್ಲ. ಅದರ ಮೇಲೆ ಹುಣಸೆಹಣ್ಣಿನ ಮೂಟೆ ಇಟ್ಟವಳು ನಾನೇ.

2022ರಲ್ಲಿ ನಮ್ಮ ಮೈದುನನ ಮಗನಿಗೆ ಮದುವೆ ಗೊತ್ತಾಯಿತು. ‘ದೊಡ್ಡಮ್ಮಾ, ಹೆಣ್ಣನ್ನ ಮುತ್ತಾತನ ಕಾರಲ್ಲೇ ಮನೆ ತುಂಬಿಸ್ಕೊಳ್ಳೋಣ’ ಎಂದ. ಖರ್ಚು ನನ್ನದು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಮಾರನೆಯ ದಿನವೇ ಟ್ರ್ಯಾಕ್ಟರ್ ಬಂತು. ಮೂವತ್ತಾರು ವರ್ಷ ನಿಂತಲ್ಲೇ ನಿಂತ ಕಾರಿನ ಮುಂದಿನ ಎಡ ಚಕ್ರ ಕೊಟ್ಟಿಗೆಯ ಮಣ್ಣಿನಲ್ಲಿ ಅರ್ಧ ಹೂತಿತ್ತು. ಹುಡುಗರು ಮುಂದಿನ ಆಕ್ಸಲಿಗೆ ಸರಪಳಿ ಸುತ್ತಿ ಟ್ರ್ಯಾಕ್ಟರ್ ಎಳೆಸಿದರು. ಚಕ್ರ ಬರಲಿಲ್ಲ. ಇನ್ನೊಮ್ಮೆ ಎಳೆಸಿದರು. ಮೂರನೆಯ ಸಲ ‘ಟಣ್’ ಎಂದು ಸದ್ದಾಗಿ ಕಾರು ಹೊರಗೆ ಬಂತು. ಎಲ್ಲರೂ ಕೇಕೆ ಹಾಕಿದರು, ನಾನೂ ಚಪ್ಪಾಳೆ ತಟ್ಟಿದೆ. ಆಕ್ಸಲ್ ಬಾಗಿದ್ದು ಆ ಕ್ಷಣದಲ್ಲಿ. ಹಳೆಯ ಕಾರಿನ ಆಕ್ಸಲ್ ರಸ್ತೆಯ ಗುಂಡಿಗೆ ಬಿದ್ದೇ ಬಾಗಬೇಕೆಂದಿಲ್ಲ, ಪ್ರೀತಿಯಿಂದ ಹೊರಗೆ ಎಳೆಯುವವರಿಂದಲೂ ಬಾಗುತ್ತದೆ.

ಆಕ್ಸಲ್ ಎಂದರೆ ಏನು ಎಂದು ಇಲ್ಲಿ ಸ್ವಲ್ಪ ಹೇಳಬೇಕು. ಈಗಿನ ಕಾರುಗಳಲ್ಲಿ ಅದು ಆ ರೂಪದಲ್ಲಿಲ್ಲ, ಅಂಬಾಸಿಡರಿನಲ್ಲೂ ಇರಲಿಲ್ಲ. ಅದಕ್ಕೂ ಹಿಂದಿನ ಕಾರುಗಳಲ್ಲಿ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಒಂದೇ ಉಕ್ಕಿನ ತೊಲೆ. ಅದರ ಎರಡು ತುದಿಗಳಲ್ಲಿ ತೂತು, ತೂತಿನಲ್ಲಿ ಕಿಂಗ್ ಪಿನ್ ಎಂಬ ಗೂಟ. ಬಾಗಿಲು ಕೀಲಿನ ಮೇಲೆ ತಿರುಗುವಂತೆ ಚಕ್ರ ಈ ಗೂಟದ ಮೇಲೆ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಗೂಟ ನೆಟ್ಟಗೆ ನಿಂತಿರುವುದಿಲ್ಲ. ಮೇಲ್ತುದಿ ಸ್ವಲ್ಪ ಒಳಕ್ಕೆ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಹಳೆಯ ಮನೆಯ ಬಾಗಿಲುವಾಡ ಒಂದು ಕಡೆಗೆ ವಾಲಿದರೆ ತೆರೆದಿಟ್ಟ ಬಾಗಿಲು ತನ್ನಷ್ಟಕ್ಕೆ ಬಂದು ಮುಚ್ಚಿಕೊಳ್ಳುತ್ತದಲ್ಲ, ಅದೇ ಸಂಗತಿ ಇಲ್ಲಿಯೂ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಈ ವಾಲಿನಿಂದ. ಎಡಗಡೆಯ ವಾಲು ಬಲಗಡೆಯ ವಾಲಿಗೆ ಸರಿಸಮ ಇರಬೇಕು. ಆಕ್ಸಲ್ ಬಾಗಿದರೆ, ಅದರಲ್ಲೂ ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡರೆ, ಈ ಲೆಕ್ಕ ತಪ್ಪುತ್ತದೆ.

ಎಂಜಿನ್ ರಿಪೇರಿಯ ಕಥೆ ಬಿಡಿ. ಕಾರು ಓಡಿತು, ಆದರೆ ಎಡಕ್ಕೆ ಎಳೆಯತೊಡಗಿತು. ವರ್ಕ್‌ಶಾಪಿಗೆ ಒಯ್ದೆವು. ‘ಟೈರು ಹಳೇದು’ ಎಂದರು, ಹೊಸ ಟೈರು ಬಂತು. ಎಳೆತ ನಿಲ್ಲಲಿಲ್ಲ. ‘ಟೈರಾಡ್ ಅಡ್ಜಸ್ಟ್ ಮಾಡಿದೀವಿ’ ಎಂದರು. ನಿಲ್ಲಲಿಲ್ಲ. ಮೂರನೆಯ ಸಲ ಮೇಸ್ತ್ರಿ ಕಾರಿನ ಕೆಳಗೆ ಒಮ್ಮೆ ಇಣುಕಿ ನೋಡಿ, ‘ಆಕ್ಸಲ್ ಬೆಂಡಾಗೈತೆ, ನಾಳೆ ಬನ್ನಿ, ನೆಟ್ಟಗೆ ಮಾಡಿ ಮಡಗಿರ್ತೀನಿ’ ಎಂದ.

‘ಎಷ್ಟು ಬಾಗಿದೆ?’ ಎಂದು ಕೇಳಿದೆ.

ಅವನು ಉತ್ತರ ಕೊಟ್ಟದ್ದು ನನಗಲ್ಲ, ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ. ‘ಮೇಡಂಗೆ ಇದೆಲ್ಲ ಯಾಕೆ ಸಾರ್ ಟೆನ್ಷನ್ನು? ಮನೇಲಿರಕ್ಕೆ ಹೇಳಿ.’ ಆ ‘ಸಾರ್’ಗೆ ಆಗ ಇಪ್ಪತ್ತಾರು ವರ್ಷ, ಜೇಬಿನಲ್ಲಿ ಬಸ್ ಚಾರ್ಜಿಗೂ ದುಡ್ಡಿರಲಿಲ್ಲ. ದುಡ್ಡು ನನ್ನ ಕೈಚೀಲದಲ್ಲಿತ್ತು. ಆದರೂ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ. ನನ್ನ ಪಾಲಿನ ತಪ್ಪು ಅದು.

ಮಾರನೆಯ ದಿನ ಹೋದಾಗ ಆಕ್ಸಲ್‌ಗೆ ಮಿರಮಿರನೆ ಕಪ್ಪು ಬಣ್ಣ ಬಳಿದಿತ್ತು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ, ಸಮ್ಮಟಿಗೆಯಲ್ಲಿ ಬಡಿದು, ನೀರು ಹೊಯ್ದು ಆರಿಸಿದ್ದರು. 4,500 ರೂಪಾಯಿ ಕೂಲಿ. ಅಳತೆ? ‘ಕಣ್ಣಳತೆ ಮೇಡಂ, ಇಪ್ಪತ್ತೈದು ವರ್ಷದ ಕಣ್ಣು.’

ಆ ಭಾನುವಾರ ಹುಡುಗ ನನ್ನನ್ನೂ ನನ್ನ ಓರಗಿತ್ತಿಯನ್ನೂ ಕೂರಿಸಿಕೊಂಡು ಕೆರೆ ಕಟ್ಟೆಯ ಮೇಲೆ ಹೊರಟ. ವೇಗವೇನೂ ಇರಲಿಲ್ಲ, ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿಕೊಂಡು ಹೋದ. ಅಡ್ಡ ಬಂದ ಕುರಿಮಂದೆಗೆ ಹುಡುಗ ಬ್ರೇಕ್ ಒತ್ತಿದ. ಸ್ಟೇರಿಂಗ್ ಅವನ ಕೈಯಿಂದ ಕಿತ್ತುಕೊಂಡು ಎಡಕ್ಕೆ ತಿರುಗಿತು. ಕಾರು ನಿಂತಾಗ ಕಟ್ಟೆಯ ಅಂಚಿಗೂ ಚಕ್ರಕ್ಕೂ ನಡುವೆ ಒಂದು ಮೊಳ ಜಾಗವಿತ್ತು. ಆ ವರ್ಷ ಮಳೆ ಚೆನ್ನಾಗಿತ್ತು, ಕೆರೆ ತುಂಬಿತ್ತು. ಓರಗಿತ್ತಿ ಇಳಿದು ಮಾತಾಡದೆ ಮನೆಯ ಕಡೆ ನಡೆದುಬಿಟ್ಟಳು. ಇವತ್ತಿಗೂ ಆ ಕಾರು ಹತ್ತಿಲ್ಲ. ಅವಳದ್ದು ತಪ್ಪೆಂದು ನಾನು ಹೇಳಲಾರೆ.

ಅಮೇಲೆ ಯಾರೋ ಹೇಳಿ, ಕೆಜಿಎಫ್‌ನ ಒಬ್ಬ ಹಿರಿಯರನ್ನು ಕರೆಸಿದೆವು. ಗಣಿಯ ವರ್ಕ್‌ಶಾಪಿನಲ್ಲಿ ದುಡಿದು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದಾಗ ಕೈ ತೊಳೆದುಕೊಂಡು ಮನೆಗೆ ಬಂದವರು. ತಮಿಳು ಬೆರೆತ ಕನ್ನಡ. ಅವರು ಕಾರಿನ ಕೆಳಗೆ ಇಣುಕಿ ಕೂಡ ನೋಡಲಿಲ್ಲ. ಜಗಲಿಯ ಮೇಲೆ ಕೂತು ಕಾಫಿ ಕುಡಿದು, ‘ಟೀಚರಮ್ಮ, ಮೊದ್ಲು ದಾರ ತನ್ನಿ, ಸೀಮೆಸುಣ್ಣ ತನ್ನಿ, ಗಾರೆಯವ್ರ ತೂಗುಗುಂಡು ಇದ್ರೆ ಅದೂನು’ ಎಂದರು. ಮೂರೂ ನನ್ನ ಕೈಗೆ ಸಿಗುವ ವಸ್ತುಗಳೇ. ಆಗಲೇ ನನಗೆ ಅರ್ಧ ಧೈರ್ಯ ಬಂತು.

ಮೊದಲು ಟೈರುಗಳ ಗಾಳಿ ಸಮ ಮಾಡಿಸಿದರು. ಸ್ಪ್ರಿಂಗಿನ ಪಟ್ಟಿಗಳು ಮುರಿದಿಲ್ಲವೆಂದೂ ಕಿಂಗ್ ಪಿನ್ನಿನ ಬುಷ್ ಸವೆದಿಲ್ಲವೆಂದೂ ನೋಡಿಕೊಂಡರು. ಇವುಗಳಲ್ಲಿ ಯಾವುದು ಕೆಟ್ಟಿದ್ದರೂ ಕಾರು ಎಳೆಯುತ್ತದೆ, ಆಕ್ಸಲಿನ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಆಮೇಲೆ ಸಿಮೆಂಟು ನೆಲದ ಮೇಲೆ ಕಾರನ್ನು ನಿಲ್ಲಿಸಿ, ನಾಲ್ಕು ಚಕ್ರಗಳ ನಡುಮಧ್ಯದಿಂದಲೂ ತೂಗುಗುಂಡು ಇಳಿಬಿಟ್ಟು, ಗುಂಡು ಮುಟ್ಟಿದ ಕಡೆ ನಾನು ಸೀಮೆಸುಣ್ಣದಿಂದ ಗುರುತು ಹಾಕಿದೆ. ಕಾರನ್ನು ಪಕ್ಕಕ್ಕೆ ತಳ್ಳಿ ಗುರುತುಗಳ ನಡುವೆ ಟೇಪು ಹಿಡಿದೆವು. ಬಲಗಡೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 90 ಇಂಚು. ಎಡಗಡೆ ಅದಕ್ಕಿಂತ ಮುಕ್ಕಾಲು ಇಂಚು ಕಡಿಮೆ. ಯಾವ ಕಡೆ ಕಡಿಮೆಯೋ ಆ ಕಡೆಗೆ ಕಾರು ಎಳೆಯುತ್ತದೆ. ಎರಡು ಟೈರಿನ ದುಡ್ಡು, ಎರಡು ವಾರ, ಒಂದು ಕೆರೆ ಕಟ್ಟೆ, ಇಷ್ಟೂ ಉಳಿಸಬಹುದಾಗಿದ್ದ ಅಳತೆ ಹದಿನೈದು ನಿಮಿಷದ್ದು.

ಆಕ್ಸಲನ್ನು ಬಿಚ್ಚಿ ಎರಡು ಕಲ್ಲಿನ ಮೇಲೆ ಇಟ್ಟರು. ಕಿಂಗ್ ಪಿನ್ನಿನ ಎರಡು ತೂತುಗಳ ನಡುಮಧ್ಯೆ ಹಾದು ಹೋಗುವಂತೆ ದಾರ ಬಿಗಿದರು. ಆ ದಾರ ಸ್ಪ್ರಿಂಗ್ ಕೂರುವ ಎರಡು ಹಾಸುಗಳ ನಡುವಿನಲ್ಲಿ ಹಾಯಬೇಕು. ಬಲಗಡೆ ಹಾಯ್ದಿತ್ತು, ಎಡಗಡೆ ಹಾಯಲಿಲ್ಲ. ಅಂದರೆ ಎಡ ತುದಿ ಇನ್ನೂ ಹಿಂದಕ್ಕೇ ಇತ್ತು. ಆಮೇಲೆ ಎರಡು ಹಾಸುಗಳ ಮೇಲೂ ಒಂದೊಂದು ಮಟ್ಟಗೋಲು ಅಡ್ಡ ಇಟ್ಟು, ನನ್ನನ್ನು ಒಂದು ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂರಿಸಿ ನೋಡಲು ಹೇಳಿದರು. ಹತ್ತಿರದ ಕೋಲಿನ ಅಂಚೂ ದೂರದ ಕೋಲಿನ ಅಂಚೂ ಒಂದೇ ಗೆರೆಯಾಗಿ ಕಾಣಬೇಕು. ಕತ್ತರಿಯ ಹಾಗೆ ಕಂಡವು. ಅದೇ ತಿರುಚು. ಕಡೆಗೆ ತೂತುಗಳಿಗೆ ಸರಿಯಾಗಿ ಕೂರುವ ಉದ್ದನೆಯ ಸಲಾಕೆಗಳನ್ನು ಹಾಕಿ, ಅದರ ಪಕ್ಕ ತೂಗುಗುಂಡು ಬಿಟ್ಟು, ನಮ್ಮ ಶಾಲೆಯ ಗಣಿತದ ಮೇಷ್ಟ್ರಿಂದ ಕಡ ತಂದ ಮರದ ಕೋನಮಾಪಕದಲ್ಲಿ ವಾಲು ಅಳೆದೆವು. ಎಡಕ್ಕೂ ಬಲಕ್ಕೂ ಎರಡು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಇದು ‘ನೆಟ್ಟಗೆ ಮಾಡಿದ’ ಮೇಲಿನ ಸ್ಥಿತಿ.

ಕೊನೆಯ ಪರೀಕ್ಷೆಯನ್ನು ನಾನು ಮರೆಯಲಾರೆ. ಕಪ್ಪು ಬಣ್ಣ ಕೆರೆಸಿ, ಸುಟ್ಟ ಜಾಗಕ್ಕೆ ಸೀಮೆಎಣ್ಣೆ ಧಾರಾಳವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಸವರಿದರು. ಬಿರುಕೊಳಗೆ ಇಳಿದ ಸೀಮೆಎಣ್ಣೆ ಮೆಲ್ಲಗೆ ಹೊರಗೆ ಬಂದು ಸುಣ್ಣವನ್ನು ನೆನೆಸುತ್ತದೆ. ನಾವು ನೋಡುತ್ತಿದ್ದಂತೆಯೇ ಬಿಳಿಯ ಮೇಲೆ ಕೂದಲಿನಂಥ ಗೆರೆಯೊಂದು ಮೂಡಿತು, ಹೆಬ್ಬೆರಳಿನಷ್ಟು ಉದ್ದ. ಹಿರಿಯರು ಆಕ್ಸಲನ್ನು ಒಮ್ಮೆ ಸವರಿ, ‘ಇದು ಹೋಯ್ತಮ್ಮ’ ಎಂದರು. ಎಂಬತ್ತು ವರ್ಷಕ್ಕೂ ಮೇಲೆ ಬಾಳಿದ ಉಕ್ಕು ಒಂದು ಮಧ್ಯಾಹ್ನದಲ್ಲಿ ಹೋಗಿತ್ತು.

ಏಕೆ ಹೋಯಿತು? ನಾವು ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಡುಗೋಲನ್ನು ಆಚಾರಿ ಕಾಯಿಸಿ, ನೀರಿನಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿ ಕೊಡುತ್ತಾನೆ. ಆ ಹದದಲ್ಲೇ ಅದರ ಜೀವ. ಅದೇ ಕುಡುಗೋಲು ಒಲೆಗೆ ಬಿದ್ದು ಕೆಂಪಗಾದರೆ ಆಮೇಲೆ ಹುಲ್ಲನ್ನೂ ಕೊಯ್ಯುವುದಿಲ್ಲ. ಈಳಿಗೆ ಮಣೆಯ ಅಲಗಿಗೂ ಇದೇ ಗತಿ. ಕಾರಿನ ಆಕ್ಸಲನ್ನು ಕಾರ್ಖಾನೆಯಲ್ಲಿ ಅಚ್ಚಿನಲ್ಲಿ ಬಡಿದು ರೂಪ ಕೊಟ್ಟು, ಹೀಗೆಯೇ ಹದ ಹಾಕಿರುತ್ತಾರೆ. ಒಂದು ಗೇಣಿನಷ್ಟು ಜಾಗವನ್ನು ಕೆಂಪಗೆ ಕಾಯಿಸಿದರೆ ಅಲ್ಲಿಯ ಹದ ಹೋಗಿ ಉಕ್ಕು ಮೆತ್ತಗಾಗುತ್ತದೆ. ಅವಸರಕ್ಕೆ ನೀರು ಹೊಯ್ದರೆ ಪೆಡಸಾಗಿ ಬಿರುಕು ಬಿಡುತ್ತದೆ. ಇನ್ನು ಬ್ರೇಕ್ ಒತ್ತಿದಾಗ ಮುಂದಿನ ಚಕ್ರಗಳು ಆಕ್ಸಲನ್ನು ಹಿಂಡುತ್ತವೆ. ಹಿಂಡುವಾಗ ಅದು ಸೋಲುವುದು ನಾವು ಸುಟ್ಟ ಜಾಗದಲ್ಲೇ. ಕೆರೆ ಕಟ್ಟೆಯ ಮೇಲೆ ನಮಗಾದದ್ದು ಅದು.

‘ಅಜ್ಜ ಮುತ್ತಜ್ಜನ ಕಾಲದಿಂದ ಕಾಯಿಸೇ ಮಾಡ್ತಿದ್ದೀವಿ’ ಎಂಬ ಮಾತನ್ನು ನನ್ನ ಮುಖದ ಮೇಲೆ ಹೇಳಿದವರಿದ್ದಾರೆ. ನಿಜ, ಎತ್ತಿನ ಗಾಡಿಯ ಚಕ್ರಕ್ಕೆ ಬೆರಣಿ ಒಟ್ಟಿ ಪಟ್ಟಿ ಕಾಯಿಸಿ ಹಾಕುವುದನ್ನು ನಾನೂ ಬಾಲ್ಯದಲ್ಲಿ ನೋಡಿದ್ದೇನೆ, ಅಂಥ ಚಂದದ ಕೆಲಸ ಇನ್ನೊಂದಿಲ್ಲ. ಆದರೆ ಅದು ಮೆತ್ತನೆಯ ಕಬ್ಬಿಣ, ಹದ ಹಾಕಿದ ಉಕ್ಕಲ್ಲ. ಆ ಅಜ್ಜ ಕಾಯಿಸುವ ಮುನ್ನ ಚಕ್ರದ ಸುತ್ತಳತೆಯನ್ನೂ ಪಟ್ಟಿಯ ಸುತ್ತಳತೆಯನ್ನೂ ಅಳೆಯುತ್ತಿದ್ದ. ಅಜ್ಜನ ಬೆಂಕಿಯನ್ನು ಮಾತ್ರ ಇಟ್ಟುಕೊಂಡು ಅವನ ಅಳತೆಯನ್ನು ಬಿಟ್ಟವರು ಅಜ್ಜನ ಹೆಸರು ಹೇಳಬಾರದು.

‘ವರ್ಷಕ್ಕೆ ಎರಡು ಸಲ ತೆಗೆಯೋ ಕಾರಿಗೆ ಇಷ್ಟು ಯಾಕೆ?’ ಎಂದವರು ನಮ್ಮ ಯಜಮಾನರೇ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಿದ ಹಳೆಯ ಕಾರುಗಳನ್ನು ನೀವು ನೋಡಿರಬಹುದು. ಅವು ನಿಂತಿವೆ. ನಿಂತ ಕಾರಿಗೆ ಯಾವ ಆಕ್ಸಲ್ ಆದರೂ ಸರಿ. ಓಡುವ ಕಾರಿನಲ್ಲಿ ಎರಡು ಸಲ ಬ್ರೇಕ್ ಒತ್ತಿದರೂ ಒತ್ತಿದ್ದೇ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳ ನೋಂದಣಿಗೆ ಬೇರೆಯೇ ನಿಯಮ ತಂದಿತು. ಹೊಸದಾಗಿ ನೋಂದಣಿ ಮಾಡಿಸಲು 20,000 ರೂಪಾಯಿ ಶುಲ್ಕ, ವಾಹನ ಮೂಲ ರೂಪದಲ್ಲಿರಬೇಕು ಎಂಬ ಷರತ್ತು. ಒಳ್ಳೆಯದೇ. ಆದರೆ ಹಳೆಯ ಕಾರಿನ ಅಭಿಮಾನಿಗಳಲ್ಲಿ ನಾನು ಕಂಡವರಿಗೆ ಮೂಲ ರೂಪವೆಂದರೆ ಬಣ್ಣ, ಬಿಲ್ಲೆ, ದೀಪ, ಹಾರನ್ನು. ಅಡಿಯಲ್ಲಿ ಬೆಂಕಿ ತಿಂದ ಉಕ್ಕು ಮೂಲವೇ ಎಂದು ಬಗ್ಗಿ ನೋಡಿದವರನ್ನು ನಾನಿನ್ನೂ ಕಾಣೆ.

ಸರಿಯಾದ ರೀತಿ ಇಲ್ಲವೇ? ಇದೆ, ಕಣ್ಣಾರೆ ನೋಡಿದೆ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿಸಿ ಅದೇ ಮಾದರಿಯ ಇನ್ನೊಂದು ಆಕ್ಸಲ್ ಸಿಕ್ಕಿತು. ಅದೂ ಕಾಲು ಇಂಚು ಬಾಗಿತ್ತು, ಆದರೆ ಬೆಂಕಿ ಮುಟ್ಟಿರಲಿಲ್ಲ, ಬಿರುಕಿರಲಿಲ್ಲ. ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಅದನ್ನು ತಣ್ಣಗೇ ನೆಟ್ಟಗೆ ಮಾಡಿದರು. ಎರಡು ಕಡೆ ಆಸರೆ ಕೊಟ್ಟು, ಉಬ್ಬಿದ ಕಡೆಯಿಂದ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತುವುದು. ಒಳ್ಳೆಯ ಉಕ್ಕು ಹಟಮಾರಿ, ಒತ್ತಡ ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಒತ್ತಬೇಕು. ಒತ್ತು, ಬಿಡು, ದಾರ ಹಿಡಿ. ಒತ್ತು, ಬಿಡು, ಕೋಲು ಇಟ್ಟು ನೋಡು. ಹನ್ನೊಂದು ಸಲ ಹೀಗಾಯಿತು. ಮುಗಿದ ಮೇಲೆ ಇನ್ನೊಮ್ಮೆ ಬಿರುಕಿನ ಪರೀಕ್ಷೆ. ಎರಡು ಚಕ್ರಗಳ ಮೂತಿ ಎಷ್ಟು ಒಳಮುಖ ಇರಬೇಕು ಎಂಬ ಹೊಂದಾಣಿಕೆ ಎಲ್ಲಕ್ಕೂ ಕಡೆಯ ಕೆಲಸವಂತೆ, ನಮ್ಮ ಹೆದ್ದಾರಿಯ ಮೇಸ್ತ್ರಿ ಅದನ್ನು ಮೊದಲು ಮಾಡಿದ್ದ. ಕೂಲಿ 3,000 ರೂಪಾಯಿ. ‘ತೂತಿನ ಹತ್ತಿರವೇ ಮಡಚಿಕೊಂಡಿದ್ರೆ ನಾನು ಮುಟ್ತಿರಲಿಲ್ಲ ಅಕ್ಕಾ, ಬೇರೆ ತನ್ನಿ ಅಂತಿದ್ದೆ’ ಎಂದ ಪ್ರೆಸ್ಸಿನ ಹುಡುಗ. ಇಂಥದ್ದು ನನ್ನಿಂದ ಆಗದು ಎನ್ನುವ ಕೆಲಸಗಾರನನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ. ಮದುವೆ ಅಷ್ಟರಲ್ಲಿ ಮುಗಿದಿತ್ತು, ಹೆಣ್ಣು ಬಾಡಿಗೆ ಇನ್ನೋವಾದಲ್ಲಿ ಬಂದಳು.

ನನ್ನ ಜಗಳ ಬಡವ ಮೆಕ್ಯಾನಿಕ್ಕಿನ ಜೊತೆಯಲ್ಲ, ಅಳತೆ ಹೇಳದೆ ದುಡ್ಡು ಕೇಳುವ ಪದ್ಧತಿಯ ಜೊತೆ. ಬಟ್ಟೆ ಅಂಗಡಿಯಲ್ಲಿ ಮೀಟರಿಗೆ ಎರಡು ಬೆರಳು ಕಡಿಮೆಯಾದರೆ ನಾವು ಸುಮ್ಮನಿರುತ್ತೇವೆಯೆ? ದರ್ಜಿ ಟೇಪು ಮುಟ್ಟದೆ ಕತ್ತರಿ ತೆಗೆದರೆ ಬಟ್ಟೆ ಕೊಟ್ಟು ಬರುತ್ತೇವೆಯೆ? ವರ್ಕ್‌ಶಾಪಿನ ಬಾಗಿಲಿಗೆ ಬಂದ ಕೂಡಲೇ ಆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಡುತ್ತೇವೆ. ಗಂಡಸರಿಗೆ ಇನ್ನೊಂದು ಕಷ್ಟವಿದೆ, ಪಾಪ. ಅವರು ‘ಗೊತ್ತಿಲ್ಲ’ ಎನ್ನುವ ಹಾಗಿಲ್ಲ, ತಲೆಯಾಡಿಸಲೇಬೇಕು. ನಮಗೆ ಆ ಕಷ್ಟವಿಲ್ಲ. ನಮಗೆ ಗೊತ್ತಿಲ್ಲವೆಂದು ಮೊದಲೇ ತೀರ್ಮಾನವಾಗಿರುವುದರಿಂದ ಧಾರಾಳವಾಗಿ ಕೇಳಬಹುದು. ಎಷ್ಟು ಬಾಗಿದೆ? ಯಾವ ಕಡೆಗೆ? ಯಾವುದರಿಂದ ಅಳೆದಿರಿ? ಬಿಲ್ಲಿನ ಹಿಂದೆ ಬರೆದು ಕೊಡಿ.

ನಮ್ಮ ಮನೆಯಲ್ಲಿ ಹಳೆಯ ಕಾರಿಲ್ಲ, ನಮಗೇಕೆ ಈ ಪುರಾಣ ಎನ್ನಬೇಡಿ. ನೀವು ಹತ್ತುವ ಬಸ್ಸುಗಳಲ್ಲಿ ಬಹುಪಾಲಿಗೆ ಮುಂದೆ ಇರುವುದು ಇದೇ ಜಾತಿಯ ಆಕ್ಸಲ್. ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತು ಓಡುವ ಲಾರಿಗೂ ಅದೇ. ಅದಕ್ಕೆ ಬೆಂಕಿ ಇಡಬೇಡಿ, ಬೆಸುಗೆ ಹಾಕಬೇಡಿ ಎಂದು ಲಾರಿ ತಯಾರಕರ ಕೈಪಿಡಿಗಳಲ್ಲೂ ಎಚ್ಚರಿಸಿರುತ್ತಾರೆ.

ಹೋದ ತಿಂಗಳು ಬೆಳಗ್ಗೆ ಶಾಲೆಗೆ ಹೊರಟು ಹೆದ್ದಾರಿಯಲ್ಲಿ ಬಸ್ಸಿಗೆ ನಿಂತಿದ್ದೆ. ಅದೇ ವರ್ಕ್‌ಶಾಪಿನ ಮುಂದೆ ಟೊಮೆಟೊ ಲಾರಿಯೊಂದನ್ನು ಜಾಕಿ ಮೇಲೆ ಎತ್ತಿದ್ದರು. ಅಡಿಯಲ್ಲಿ ನೀಲಿ ಜ್ವಾಲೆ ಬುಸುಗುಡುತ್ತಿತ್ತು, ಆಕ್ಸಲ್ ಆಗಲೇ ಕೆಂಪಾಗಿತ್ತು. ಕ್ಲೀನರ್ ಹುಡುಗ ಪಕ್ಕದಲ್ಲಿ ಕೂತು ಬನ್ನು ತಿನ್ನುತ್ತಿದ್ದ, ಹದಿನೇಳೋ ಹದಿನೆಂಟೋ ವಯಸ್ಸು. ನನ್ನ ಹತ್ತಿರ ಓದಿದವನಿರಬಹುದು. ರಸ್ತೆ ದಾಟಿ ಹೋಗಿ ಮೇಸ್ತ್ರಿಯನ್ನು ಕೇಳಿದೆ, ‘ಎಷ್ಟು ಬಾಗಿತ್ತು?’

ಅವನು ತಲೆ ಎತ್ತದೆ, ‘ಮೇಡಂ, ನಿಮ್ಮ ಬಸ್ಸು ಬಂತು ನೋಡಿ’ ಎಂದ. ಬಸ್ಸು ಬಂದಿತ್ತು. ನಾನು ಹತ್ತಲಿಲ್ಲ. ಲಾರಿಯ ಡ್ರೈವರ್ ಟೀ ಅಂಗಡಿಯಿಂದ ಬರುವ ತನಕ ಅಲ್ಲೇ ನಿಂತೆ. ಚೀಲದಲ್ಲಿ ಸೀಮೆಸುಣ್ಣವಂತೂ ಇತ್ತು.